ಬೆಲ್ಟಕ್ಕ ಭಾವನನ್ನು ಇಳಿಸಿದ್ದು

ಆ ಮನರಂಜನಾ ಪಾರ್ಕಿನ ದೊಡ್ಡ ತೂಗುದೋಣಿ ಹತ್ತಿದವರಿಗೆಲ್ಲ ಅವಳು ಬೆಲ್ಟಕ್ಕ. ಸೀಟುಗಳ ನಡುವೆ ಓಡಾಡಿ, ಒಬ್ಬೊಬ್ಬರ ಬೆಲ್ಟನ್ನೂ ಎಳೆದು ನೋಡಿ, ಕಬ್ಬಿಣದ ಸರಳನ್ನು ತೊಡೆಯ ಮೇಲೆ ಒತ್ತಿ ಕೂರಿಸುತ್ತಿದ್ದಳು. ಆಮೇಲೆ ಕೆಳಗಿಳಿದು ಅವಳು ಹೆಬ್ಬೆರಳು ಎತ್ತಿದರೆ ಮಾತ್ರ ಕ್ಯಾಬಿನ್ನಿನ ಆಪರೇಟರು ಗುಂಡಿ ಒತ್ತುತ್ತಿದ್ದ. ಎತ್ತರದ ಗೆರೆ ಮುಟ್ಟದ ಮಕ್ಕಳನ್ನೂ ಕುಡಿದು ಬಂದ ದೊಡ್ಡವರನ್ನೂ ವಾಪಸ್ ಕಳಿಸುವುದೂ ಅವಳದೇ ಕೆಲಸ. ಮಕ್ಕಳು ಸ್ವಲ್ಪ ಅತ್ತು ಸುಮ್ಮನಾಗುತ್ತಿದ್ದರು. ರಗಳೆಯೆಲ್ಲ ದೊಡ್ಡವರದ್ದು. ‘ಒಂದೇ ಬಿಯರಮ್ಮ’, ‘ಅದು ನಿನ್ನೆಯದು’, ‘ಕೆಮ್ಮಿನ ಔಷಧಿ ವಾಸನೆ’ ಅಂತ ಅವಳು ಕೇಳದ ಕಥೆಯೇ ಇರಲಿಲ್ಲ. ಗೇಟಿನವರು ಚೀಲ ತಡಕಿ ಬಾಟಲಿ ತೆಗೆದಿಡುತ್ತಿದ್ದರು, ನಿಜ. ಆದರೆ ಹೊಟ್ಟೆಯೊಳಗೆ ಕೂತು ಬಂದದ್ದನ್ನು ಹಿಡಿಯಬೇಕಾದವಳು ಇವಳೇ.

ಒಂದು ರಜೆಯ ದಿನ ಅವಳ ಅಕ್ಕ, ಭಾವ, ಇಬ್ಬರು ಮಕ್ಕಳು ಪಾರ್ಕಿಗೆ ಬಂದರು. ಕೆಲಸದವರ ಮನೆಯವರಿಗೆ ಸಿಗುವ ಪಾಸನ್ನು ಅವಳೇ ಕೊಟ್ಟಿದ್ದಳು. ಬೆಳಗಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ. ಯಾಕೆಂದರೆ ಅವಳಿಗೆ ಭಾವ ಬರೀ ಭಾವನಲ್ಲ. ತಾಯಿ ತೀರಿಕೊಂಡಾಗ ಅವಳಿನ್ನೂ ಚಿಕ್ಕ ಹುಡುಗಿ. ಹೊಸದಾಗಿ ಮದುವೆಯಾಗಿದ್ದ ಭಾವ ಎರಡನೆಯ ಮಾತಾಡದೆ ಅವಳನ್ನು ಮನೆಗೆ ಕರೆದುಕೊಂಡು ಬಂದಿದ್ದರು. ಅಕ್ಕ ಬೆಳಗಿನ ಪಾಳಿಗೆ ಹೋದ ದಿನಗಳಲ್ಲಿ, ಬಸ್ಸಿನ ಇಂಜಿನ್ ಬಿಚ್ಚಿ ಜೋಡಿಸುವ ಆ ದಪ್ಪ ಬೆರಳುಗಳೇ ಅವಳ ಜಡೆ ಹೆಣೆಯುತ್ತಿದ್ದವು. ಜಡೆ ಒಂದು ಕಡೆ ವಾಲಿಕೊಂಡೇ ಇರುತ್ತಿತ್ತು. ಶಾಲೆಯಲ್ಲಿ ಯಾರಾದರೂ ನಕ್ಕರೆ, ‘ನಮ್ಮ ಭಾವ ಹಾಕಿದ್ದು’ ಎಂದು ಅವಳು ಗತ್ತಿನಿಂದ ಹೇಳುತ್ತಿದ್ದಳು.

ಅಂಥ ಭಾವ ದೋಣಿಯ ತುದಿಯ ಸೀಟಿನಲ್ಲಿ ನಗುತ್ತಾ ಕೂತಿದ್ದರು. ಬೆಲ್ಟು ಎಳೆಯಲು ಬಗ್ಗಿದಾಗ ಅವಳ ಮೂಗಿಗೆ ಹೆಂಡದ ವಾಸನೆ ಗಪ್ಪೆಂದು ಹೊಡೆಯಿತು. ಗಾಡಿ ನಿಲ್ಲಿಸಿ ಬರುತ್ತೇನೆಂದು ಹೋದವರು ತಡವಾಗಿ ಬಂದದ್ದು ಯಾಕೆಂದು ಈಗ ಗೊತ್ತಾಯಿತು.

“ಭಾವ, ಇಳೀರಿ,” ಎಂದಳು ಮೆಲ್ಲಗೆ.

“ಯಾಕೇ ಮರಿ? ಬೆಲ್ಟು ಸರಿಯಾಗೇ ಇದೆಯಲ್ಲ?”

“ಬೆಲ್ಟು ಸರಿ ಇದೆ. ನೀವು ಕುಡಿದಿದ್ದೀರಿ.”

“ಏಯ್, ಎರಡು ಗುಟುಕು ಅಷ್ಟೇ ಕಣೆ. ನಿನ್ನ ಹೆಗಲ ಮೇಲೆ ಹೊತ್ತು ತಿರುಗಿದವನು ನಾನು. ನನಗೇ ರೂಲ್ಸ್ ಹೇಳ್ತೀಯಾ?”

ಹಿಂದಿನ ಸೀಟಿನಲ್ಲಿದ್ದವರು ಕತ್ತು ಉದ್ದ ಮಾಡಿ ನೋಡಿದರು. ಯಾರೋ “ಬೇಗ ಬಿಡ್ರೀ” ಎಂದು ಕೂಗಿದರು. ಅವಳ ಕಣ್ಣು ತುಂಬಿ ಬಂತು, ಹೆಬ್ಬೆರಳು ಮಾತ್ರ ಮೇಲೇಳಲಿಲ್ಲ. “ಅದಕ್ಕೇ ಭಾವ. ಬೇರೆ ಯಾರಾದ್ರೂ ಆಗಿದ್ರೆ ಬರೀ ಕೆಲಸಕ್ಕೆ ಹೆದರ್ತಿದ್ದೆ. ನಿಮ್ಮನ್ನ ಮೇಲೆ ಕಳಿಸಿ ಇಲ್ಲಿ ನಿಂತ್ಕೊಳ್ಳೋಕೆ ನನ್ನ ಕೈಲಾಗಲ್ಲ.”

ಭಾವ ಬೆಲ್ಟು ಬಿಚ್ಚಿ ಇಳಿದರು. ಅಕ್ಕನೂ ಮಗನನ್ನು ದರದರ ಎಳೆದುಕೊಂಡು ಇಳಿದುಬಿಟ್ಟಳು. “ನಾಕು ಜನರ ಮುಂದೆ ಮಾನ ತೆಗೆದ್ಯಲ್ಲೇ! ಸಾಕಿ ದೊಡ್ಡವಳನ್ನ ಮಾಡಿದ್ದಕ್ಕೆ ಚೆನ್ನಾಗಿ ಋಣ ತೀರಿಸಿದೆ!” ಎಂದವಳೇ ಸೂಪರ್‌ವೈಸರನ್ನು ಹುಡುಕಿಕೊಂಡು ಹೋದಳು.

ಎತ್ತರ ಸಾಲದ ಕಿರಿಮಗಳು ಆಗಲೇ ಹೊರಗಿನ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಅಪ್ಪ ಪಕ್ಕದಲ್ಲಿ ಬಂದು ಕೂತದ್ದು ನೋಡಿ ಅವಳ ಮುಖ ಅರಳಿತು. “ಅಪ್ಪ, ನೀನೂ ಗೆರೆ ಮುಟ್ಟಲಿಲ್ವಾ?”

“ಇಲ್ಲ ಪುಟ್ಟಿ. ನಾನೂ ಇನ್ನೂ ಬೆಳೀಬೇಕಂತೆ.”

ಸೂಪರ್‌ವೈಸರ್ ಬಂದರು. ಅವರು ಭಾವನನ್ನೇ ಕೇಳಿದರು: “ನಮ್ಮ ಹುಡುಗಿ ಮರ್ಯಾದೆ ಬಿಟ್ಟು ಮಾತಾಡಿದ್ಲಾ?”

ಭಾವ ಎದ್ದು ನಿಂತರು. ಹೆಂಡತಿಯ ಮುಖ ನೋಡಿದರು, ಆಮೇಲೆ ನೆಲ ನೋಡಿದರು. “ಇಲ್ಲ ಸಾರ್. ನಾನು ಕುಡಿದು ಹತ್ತಿದ್ದೆ. ಅವಳು ಇಳಿಸಿದ್ಲು. ಸರಿಯಾಗೇ ಮಾಡಿದ್ಲು.” ಅವಳ ಕಡೆ ತಿರುಗಿ, “ನಾನೇ ಬೆಳೆಸಿದ ಹುಡುಗಿ ಸಾರ್ ಅವಳು,” ಎಂದರು.

ಸೂಪರ್‌ವೈಸರ್ ಬೆಲ್ಟಕ್ಕನ ಕಡೆ ತಲೆಯಾಡಿಸಿ ಹೊರಟುಹೋದರು. ಅಕ್ಕ ಮಾತ್ರ ಬಗ್ಗಲಿಲ್ಲ. ವಾರಗಟ್ಟಲೆ ಫೋನೇ ಎತ್ತಲಿಲ್ಲ. ಒಂದು ದಿನ ತಾನಾಗಿಯೇ ಫೋನ್ ಮಾಡಿ, ಅದೂ ಇದೂ ಮಾತಾಡಿ, ಇಡುವ ಮೊದಲು ಹೇಳಿದಳು: “ಮಕ್ಕಳ ಜೊತೆ ಹೊರಟಾಗ ಅವರು ಈಗ ಮುಟ್ಟೋದಿಲ್ಲ ಕಣೆ. ನಾನು ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದೆ, ಕೇಳಿರ್ಲಿಲ್ಲ. ಅವತ್ತು ನಿನ್ನ ಮೇಲೆ ರೇಗಿದೆ. ಮನಸ್ಸಿನಲ್ಲಿ ಇಟ್ಕೋಬೇಡ.” ಭಾವ ಪೂರ್ತಿ ಬಿಟ್ಟರೆಂದರೆ ಸುಳ್ಳಾದೀತು. ಆದರೆ ಅಕ್ಕನಿಗೆ ಇಷ್ಟೇ ದೊಡ್ಡದಾಗಿತ್ತು, ತಂಗಿಗೂ.

ಮುಂದೊಂದು ದಿನ ಅವಳಿಗೆ ರಜೆ ಇದ್ದಾಗ ಭಾವ ಅವಳನ್ನೇ ಪಾರ್ಕಿಗೆ ಹೊರಡಿಸಿದರು. ಅಷ್ಟು ವರ್ಷ ಅಲ್ಲಿ ದುಡಿದರೂ ಅವಳು ಒಮ್ಮೆಯೂ ಆ ದೋಣಿಯಲ್ಲಿ ಕೂತು ತೂಗಿದವಳಲ್ಲ. ಅವತ್ತಿನ ಪಾಳಿಯಲ್ಲಿದ್ದ ಜೊತೆಗಾತಿ ಅವಳ ಬೆಲ್ಟು ಎಳೆದು ನೋಡಿ, ಭಾವನ ಕಡೆ ಬಗ್ಗಿ ಬೇಕೆಂದೇ ಎರಡು ಸಲ ಮೂಸಿ, “ಪಾಸ್!” ಎಂದಳು. ಭಾವ ಗಹಗಹಿಸಿದರು. ದೋಣಿ ಮೇಲೇರುತ್ತಿದ್ದಂತೆ ಬೆಲ್ಟಕ್ಕನ ಧೈರ್ಯವೆಲ್ಲ ಹಾರಿಹೋಯಿತು. ಕಣ್ಣು ಮುಚ್ಚಿ ಭಾವನ ತೋಳನ್ನು ಗಟ್ಟಿಯಾಗಿ ಹಿಡಿದು, ಇಡೀ ಪಾರ್ಕಿಗೆ ಕೇಳುವಂತೆ ಚೀರಿದಳು.