ಅಂಬುಬಾಯಿ ಹೆಣೆದ ಬಲೆ

ಶಹಾಬಾದಿನ ಅಂಬುಬಾಯಿ ಕಾಗಿಣಾ ನದಿಯ ಮೀನಿಗೆ ಬಲೆ ಹೆಣೆದೇ ಮಗನನ್ನು ಬೆಳೆಸಿದವಳು. ಮಗ ಜಟ್ಟೆಪ್ಪನಿಗೆ ಕಾರ್ಖಾನೆಯವರು ಕೆಲಸ ಕೊಟ್ಟದ್ದೇ ಬಾಸ್ಕೆಟ್‌ಬಾಲ್ ಆಡಲೆಂದು. ಎಪ್ಪತ್ತೆರಡನೇ ಇಸವಿಯ ಪಂದ್ಯಗಳಿಗೆ ಮೊದಲು, ಚೆಂಡು ಬೀಳುವ ಕಬ್ಬಿಣದ ಬಳೆಗೆ ಹೊಸ ಬಲೆ ಬೇಕೆಂದಾಗ ಅವಳೇ ಹೆಣೆದುಕೊಟ್ಟಳು.

ಮೊದಲ ಪಂದ್ಯದಲ್ಲಿ ಜಟ್ಟೆಪ್ಪ ಎಸೆದ ಚೆಂಡು ನೇರ ಒಳಗೆ ಬಿತ್ತು, ಆದರೆ ಕೆಳಗಿಳಿಯಲೇ ಇಲ್ಲ. ಮೀನಿನ ಬಲೆಯಂತೆ ಅಂಬುಬಾಯಿ ತಳವನ್ನೂ ಹೆಣೆದು ಮುಚ್ಚಿದ್ದಳು. ಜನ ಬಿದ್ದು ಬಿದ್ದು ನಕ್ಕರು. ಏಣಿ ತರಿಸಿ ತಳ ಕೊಯ್ದರು.

“ಸಿಕ್ಕಿದ್ದನ್ನ ಬಿಡೋದಿದ್ರ ಬಲಿ ಯಾಕ ಹೆಣಿಸಿದ್ರಿ?” ಎಂದು ಅವಳು ಸಿಡುಕಿದಳು.

ಆ ವರ್ಷ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಸೋತು ಬಂದ ಮಗನಿಗೆ ರೊಟ್ಟಿ ಬಡಿಸುತ್ತ ಅವಳು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು:

“ನಾ ಹೆಣದಂಗ ಬಿಟ್ಟಿದ್ರ, ಗೆಲುವು ಎಲ್ಲಿ ಹೋಗ್ತಿತ್ತೋ ಯಪ್ಪಾ?”