ಒಬ್ಬನೇ ಓಡುವವನು

ಮಕ್ಕಳೇ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿರುವ ನಿಮ್ಮ ಅಕ್ಕ ಗೆಳೆಯರೊಡನೆ ಫ್ಯಾಂಟಸಿ ಫುಟ್‌ಬಾಲ್ ಆಡುತ್ತಾಳೆ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೇ ಓಡುತ್ತಾರೆ; ಅಲ್ಲಿನ ನಿಜವಾದ ಆಟಗಾರರನ್ನು ಫೋನಿನಲ್ಲಿ ಆರಿಸಿಕೊಳ್ಳಬೇಕು. ಅವರು ಅಲ್ಲಿ ಓಡಿದಷ್ಟೂ ಇವಳಿಗೆ ಅಂಕ. ಒಮ್ಮೆ ಕೊನೆಯವಳಾಗಿ, ಸೋತ ದಂಡಕ್ಕೆ ವರ್ಷವಿಡೀ ಎಲ್ಲರಿಗೂ ಚಹಾ ಮಾಡಿಕೊಟ್ಟಿದ್ದಳು. ಮರುವರ್ಷ ನಾನು ಅವಳ ಮನೆಗೆ ಹೋಗಿದ್ದೆ; ಆರಿಸುವ ದಿನ ನಾನೂ ಪಕ್ಕದಲ್ಲಿ ಕುಳಿತೆ. ಚೆಂಡು ಹಿಡಿದು ಓಡುವವರಲ್ಲಿ ಬಲು ಚುರುಕಾದವನನ್ನೇ ಅವಳು ತನ್ನ ಪಟ್ಟಿಯಲ್ಲಿ ಕೆಳಗಿಟ್ಟಿದ್ದಳು.

"ಯಾಕವ್ವಾ, ಮೊಣಕಾಲು ಬ್ಯಾನಿ ಐತೇನು ಅವಂಗ?"

"ಮೊಣಕಾಲು ಫೈನ್ ಅಜ್ಜಿ. ಬಟ್ ಅವನ ಟೀಮಲ್ಲಿ ಇನ್ನೂ ಇಬ್ರು ಓಡ್ತಾರೆ, ಚೆಂಡು ಶೇರ್ ಆಗುತ್ತೆ. ಮೇಲಿರೋ ಇವನು ಸ್ವಲ್ಪ ಸ್ಲೋ, ಆದ್ರೆ ಇವನ ಟೀಮಲ್ಲಿ ಚೆಂಡೆಲ್ಲಾ ಇವನ ಕೈಗೇ ಕೊಡ್ತಾರೆ."

ನಾಲ್ವರು ಸೊಸೆಯರಿದ್ದ ನಮ್ಮ ಮನೆಯಲ್ಲಿ ಯಾರ ಕೈರುಚಿ ಹೆಚ್ಚೆಂದು ಯಾರಿಗೂ ತಿಳಿಯಲಿಲ್ಲ. ಸೌಟು ಯಾರ ಕೈಯಲ್ಲೂ ಹೆಚ್ಚು ಹೊತ್ತು ಇರುತ್ತಿರಲಿಲ್ಲ.

"ಅಂವ ಒಬ್ಬನಽ ಓಡಿದ್ರ ದಣಿಯೂದಿಲ್ಲೇನು?"

"ಅದೇ ರಿಸ್ಕು! ಎಷ್ಟು ಓಡ್ತಾರೋ ಅಷ್ಟು ಬೇಗ ಸವೀತಾರೆ. ನಂಗೆ ಈ ಒಂದು ವರ್ಷ ಓಡಿದ್ರೆ ಸಾಕು," ಎಂದು ನಿಧಾನದವನನ್ನೇ ಒತ್ತಿದಳು.

ಆಮೇಲೆ ಪ್ರತಿ ಭಾನುವಾರ ಟಿವಿಯಲ್ಲಿ ಅವನು ಬಿದ್ದಾಗಲೆಲ್ಲ, ಏಳುವ ತನಕ ನಾನು ಉಸಿರು ಹಿಡಿದು ನೋಡಿದೆ. ಅಕ್ಕ ಗೆಲ್ಲಲಿಲ್ಲ, ಕೊನೆಯವಳೂ ಆಗಲಿಲ್ಲ. ಓಡಿ ಓಡಿ ಸವೆದಿರುತ್ತಾನೆಂದು ಈಗ ಅವಳು ಮುಂದಿನ ವರ್ಷಕ್ಕೆ ಅವನನ್ನು ಬಿಡುತ್ತಾಳಂತೆ. ಅವನು ಇನ್ನೂ ಎಷ್ಟು ಓಡುತ್ತಾನೋ, ನಾನಂತೂ ನೋಡಬೇಕು.