ಕೈ ಇಡದ ಬಟ್ಟಲು

ಹೋದ ತಿಂಗಳು ನನ್ನ ಹೆಂಡತಿ ಸರೋಜ ಒಂದು ವೈಜ್ಞಾನಿಕ ಪ್ರಯೋಗವನ್ನೇ ಕೆಡಿಸಿದಳು. ಅದೂ ಕರುಣೆಯಿಂದ!

ಟೈಫಾಯ್ಡ್ ಬಂದು ಹೋದ ಮೇಲೆ ಅವಳ ಕೂದಲು ಹಿಡಿ ಹಿಡಿಯಾಗಿ ಉದುರಿತು. ಸಂಡೂರಿನಲ್ಲಿ ಅವಳ ತಮ್ಮನ ಮಗಳ ಮದುವೆ. 'ನಾ ಬರಂಗಿಲ್ಲ. ಹೂವು ಎಲ್ಲಿ ಮುಡೀಲಿ?' ಎಂದು ಕುಳಿತಳು. ಜ್ವರಕ್ಕೆ ಉದುರಿದ ಕೂದಲು ತಾನಾಗಿಯೇ ಮತ್ತೆ ಬರುತ್ತದೆ ಎಂದು ಡಾಕ್ಟರ್ ಹೇಳಿದರು. ನಂಬಲಿಲ್ಲ. ಹೊಸಪೇಟೆಯಲ್ಲಿ ಎನರ್ಜಿ ಹೀಲಿಂಗ್ ಮಾಡುವ ಅಮ್ಮನೊಬ್ಬರಿದ್ದಾರೆ. ತಲೆಯ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಕೈ ಹಿಡಿದರೆ ಕೂದಲು ಬರುತ್ತದಂತೆ. ಅವರನ್ನು ನಂಬಿದಳು.

ನಾನು ಕಂಪ್ಲಿಯಲ್ಲಿ ಬತ್ತದ ಬೀಜ ಮಾರಿ ಮೇಲೆ ಬಂದವನು. ಒಂದು ಹಿಡಿ ಕಾಳನ್ನು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು, ಮೊಳಕೆ ನೋಡದೆ ಚೀಲ ಮುಟ್ಟುವುದಿಲ್ಲ. (ನೀವೂ ಅಷ್ಟೇ ಮಾಡಿ. ಬೀಜಕ್ಕೂ, ಭರವಸೆಗೂ.) 'ಅಮ್ಮಾರೆ, ಮೊದ್ಲು ಸ್ಯಾಂಪಲ್ ತೋರಸ್ರಿ' ಎಂದೆ.

ಆಕೆ ನಕ್ಕರು. 'ತೋರಸೋಣ ಬರ್ರಿ. ನನಗೂ ನೋಡೋ ಆಸೆ ಐತಿ.'

ನನ್ನ ತಂಗಿಯ ಮಗಳು ವೀಣಾ ಲ್ಯಾಬೊಂದರಲ್ಲಿ ಕೂದಲ ಬೇರಿನ ಜೀವಕೋಶಗಳನ್ನು ಗಾಜಿನ ಬಟ್ಟಲಲ್ಲಿ ಬೆಳೆಸುತ್ತಾಳೆ. ಅವಳೇ ಏರ್ಪಾಡು ಮಾಡಿದಳು. ಎರಡು ಬಟ್ಟಲು. ಒಂದಕ್ಕೆ ಅಮ್ಮನ ಕೈ, ಇನ್ನೊಂದು ಹಾಗೇ ದೂರ. ಯಾವುದು ಯಾವುದೆಂದು ಗೊತ್ತಿಲ್ಲದವರು ಬೆಳವಣಿಗೆ ಅಳೆಯಬೇಕು. ನನ್ನ ಗೋಣಿ ಪರೀಕ್ಷೆಯೇ ಅಲ್ಲವೇ ಇದು?

ಸರೋಜಳನ್ನು ಅಲ್ಲೇ ಕೂರಿಸಿ ನಾನೂ ವೀಣಾನೂ ಚಹಾ ಕುಡಿದು ಬರುವಷ್ಟರಲ್ಲಿ ಅಮ್ಮನ ಕೈ ಎರಡನೆಯ ಬಟ್ಟಲ ಮೇಲಿತ್ತು!

'ಅತ್ತಿ, ಇದೇನ್ ಮಾಡ್ಸಿದ್ರಿ?' ವೀಣಾ ಕಿರುಚಿದಳು.

'ಪಾಪ, ಅದೂ ನೋಡ್ಕೋತ ಕುಂತಿತ್ತಲ್ಲವ್ವಾ' ಎಂದಳು ಸರೋಜ. 'ಪಂಕ್ತ್ಯಾಗ ಒಂದು ಎಲಿಗೆ ಹೋಳಿಗಿ ಹಾಕಿ, ಬಾಜೂ ಎಲಿ ಖಾಲಿ ಬಿಡಾಕ ಬರ್ತೈತೇನು?'

ಮತ್ತೆ ಹೊಸ ಬಟ್ಟಲು. ಈ ಸಲ ಸರೋಜಳನ್ನು ಹೊರಗೆ ಕೂರಿಸಿ ಕಾವಲಿಗೆ ನಾನು.

ಕೆಲವು ದಿನಗಳ ಮೇಲೆ ವೀಣಾ ಫೋನ್ ಮಾಡಿದಳು. ಸ್ಪೀಕರ್ ಹಾಕಿದೆ. 'ಮಾವ, ಎರಡೂ ಒಂದೇ ಸಮ ಬೆಳದಾವ. ಏನೂ ಫರಕ್ ಇಲ್ಲ.'

ಸರೋಜಳ ಮುಖ ಬಾಡಿತು. 'ನಾ ಮೊದ್ಲೇ ಹೇಳಿದ್ನಿಲ್ಲ' ಎನ್ನಲು ಬಾಯಿ ತೆರೆದಿದ್ದೆ. (ಗಂಡಂದಿರೇ, ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿ.) ಅಷ್ಟರಲ್ಲಿ ಅವಳೇ ಕೇಳಿದಳು.

'ವೀಣಾ, ಕೈ ಇಡದ ಬಟ್ಟಲದಾಗೂ ಬೆಳದೈತೇನು?'

'ಹೂಂ ಅತ್ತಿ. ಅದರ ಪಾಡಿಗೆ ಅದು.'

'ಭಾಳ ಬೆಳದೈತಾ?'

'ಮಸ್ತ್ ಬೆಳದೈತಿ.'

ಸರೋಜ ತಲೆಯ ಮೇಲಿನ ಸೆರಗನ್ನು ಮೆಲ್ಲಗೆ ಜಾರಿಸಿದಳು. 'ಹಂಗಾದ್ರ ನಂದೂ ಬರ್ತೈತಿ ಬಿಡು' ಎಂದಳು. ನನ್ನ ಕಡೆ ತಿರುಗಿ, 'ಸಂಡೂರಿಗೆ ಹೋಗಾಕ ಎರಡು ಮೊಳ ಮಲ್ಲಿಗಿ ತರ್ರಿ. ಪಿನ್ ಹಾಕಿ ನಿಲ್ಲಿಸ್ತೀನಿ.'

ಮೂರು ಮೊಳ ತಂದೆ. ಚೌಕಾಸಿ ಇಲ್ಲದೆ, ಹೂವಾಡಗಿತ್ತಿ ಹೇಳಿದ ರೇಟಿಗೇ. ಪಾಪ, ಆಕೆ ಗಾಬರಿಯಾದಳು: 'ಯಾಕ್ರೀ ಸಾವ್ಕಾರ್ರ, ಮೈಯಾಗ ಆರಾಮ ಇಲ್ಲೇನು?'